ಒಂದು ಪೆಟ್ಟಿಗೆಗೆ ಒಂದೇ ಜಾತಿಯ ಕಪ್ಪೆ

ಕಲಬುರಗಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ನಮ್ಮೂರಲ್ಲಿ ಕಪ್ಪೆ ಸಾಕುವವರೂ ಇದ್ದಾರಾ ಅಂತ ಕೆಲವರಿಗೆ ಅನಿಸಬಹುದು. ಇದ್ದಾರೆ. ಹೆಚ್ಚಿನವರು ಕಾಲೇಜು ಹುಡುಗರು. ಹೈದರಾಬಾದಿಗೆ ಹೋದಾಗ ಹೊರದೇಶದ ಬಣ್ಣದ ಕಪ್ಪೆ ಕೊಂಡು ತರುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ತೆಂಗಿನ ನಾರಿನ ಪುಡಿ ಹಾಸಿ, ಗಿಡ ನೆಟ್ಟು, ಚೆಂದದ ಟೆರೇರಿಯಂ ಮಾಡುತ್ತಾರೆ. ಆ ಆಸಕ್ತಿ ಕಂಡರೆ ಪ್ರಾಣಿಶಾಸ್ತ್ರ ಕಲಿಸುವ ನನಗೆ ಬಹಳ ಖುಷಿ. ಆದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಸರ್, ಇದರ ಜೊತೆ ಇನ್ನೊಂದು ಜಾತಿ ಬಿಡಬಹುದಾ?"

ಬೇಡ. ಒಂದು ಪೆಟ್ಟಿಗೆಗೆ ಒಂದೇ ಜಾತಿ. ಪೆಟ್ಟಿಗೆ ಎಷ್ಟೇ ದೊಡ್ಡದಿರಲಿ, ಒಂದೇ ಜಾತಿ.

ಸೇಡಂ ರಸ್ತೆಯ ಕಡೆ ಬಾಡಿಗೆ ಕೋಣೆಯಲ್ಲಿದ್ದ ಒಬ್ಬ ವಿದ್ಯಾರ್ಥಿಯ ಸಂಗತಿ ಹೇಳುತ್ತೇನೆ. ಅವನ ಹತ್ತಿರ ಆಸ್ಟ್ರೇಲಿಯಾ ಮೂಲದ ಎರಡು ಹಸಿರು ಮರಗಪ್ಪೆಗಳಿದ್ದವು. ದಪ್ಪನೆಯ, ಸಾಧು ಸ್ವಭಾವದ ಕಪ್ಪೆಗಳು. ಹಗಲೆಲ್ಲ ಗಾಜಿಗೆ ಅಂಟಿಕೊಂಡು ಮಲಗುತ್ತವೆ. ಇವು ಸುಮ್ನೆ ಕೂತಿರುತ್ತವೆ, ಪೆಟ್ಟಿಗೆಗೆ ಸ್ವಲ್ಪ ಕಳೆ ಬರಲಿ ಅಂತ ಅವನು ಮೂರು ಬೆಂಕಿಹೊಟ್ಟೆ ಕಪ್ಪೆಗಳನ್ನು ತಂದು ಬಿಟ್ಟ. ಚೀನಾ, ಕೊರಿಯಾ ಕಡೆಯ ಪುಟ್ಟ ಕಪ್ಪೆ ಅದು. ಬೆನ್ನು ಹಸಿರು, ಹೊಟ್ಟೆ ಕೆಂಪು. ಹೆದರಿದರೆ ಮೈ ಬಾಗಿಸಿ ಆ ಕೆಂಪು ತೋರಿಸುತ್ತದೆ. 'ನನ್ನ ಮೈಯಲ್ಲಿ ವಿಷ ಇದೆ, ಮುಟ್ಟಬೇಡ' ಅಂತ ಅದರ ಅರ್ಥ.

ಜಗಳ ಆಗಲಿಲ್ಲ. ಹುಡುಗ ನಿಶ್ಚಿಂತೆಯಾಗಿದ್ದ. ಆಮೇಲೆ ಮರಗಪ್ಪೆಗಳು ಹುಳ ತಿನ್ನುವುದನ್ನು ಬಿಟ್ಟವು. "ಬ್ಯಾಸಗಿ ಸರ್, ಬಿಸಲಿಗೆ ಹಿಂಗ ಆಗ್ಯಾವ್ರಿ" ಅಂದ. ಕೂಲರನ್ನು ಪೆಟ್ಟಿಗೆಯ ಪಕ್ಕಕ್ಕೇ ಎಳೆದಿಟ್ಟಿದ್ದ. ನಾನು ಹೋಗಿ ನೋಡುವಷ್ಟರಲ್ಲಿ ಒಂದು ಸತ್ತಿತ್ತು. ಇನ್ನೊಂದು ನೀರಿನ ಬಟ್ಟಲಲ್ಲಿ ಕೂತಿತ್ತು, ತೊಡೆಯ ಒಳಭಾಗ ಕೆಂಪಾಗಿತ್ತು.

ಆ ಬಟ್ಟಲು ನೋಡಿದ ಕೂಡಲೇ ನನಗೆ ವಿಷಯ ತಿಳಿಯಿತು. ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆ, ತೊಡೆಯ ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಬೆಂಕಿಹೊಟ್ಟೆ ಕಪ್ಪೆ ದಿನದ ಹೆಚ್ಚು ಹೊತ್ತು ನೀರಲ್ಲೇ ಇರುತ್ತದೆ, ಅದರ ಚರ್ಮದ ವಿಷವೂ ಆ ನೀರಿಗೇ ಇಳಿಯುತ್ತದೆ. ರಾತ್ರಿ ಮರಗಪ್ಪೆ ಬಂದು ಅದೇ ನೀರಲ್ಲಿ ಕೂರುತ್ತದೆ. ಕಚ್ಚಾಟವೂ ಇಲ್ಲ, ಗಾಯವೂ ಇಲ್ಲ. ಆದರೂ ಸಾವು. ಉಳಿದದ್ದನ್ನು ಆವತ್ತೇ ಬೇರೆ ಪೆಟ್ಟಿಗೆಗೆ ಹಾಕಿಸಿ, ದಿನಾ ನೀರು ಬದಲಿಸಲು ಹೇಳಿದೆ. ನಿಧಾನಕ್ಕೆ ಹುಳ ಹಿಡಿಯತೊಡಗಿತು.

ಕೂಲರ್ ವಿಷಯಕ್ಕೂ ಬರೋಣ. ಮರಗಪ್ಪೆಗೆ 24ರಿಂದ 29 ಡಿಗ್ರಿ ಹಿತ. ಬೆಂಕಿಹೊಟ್ಟೆ ಕಪ್ಪೆಗೆ 18ರಿಂದ 24 ಸಾಕು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮೂರಲ್ಲಿ ಒಂದು ಜಾತಿಯನ್ನು ತಂಪಾಗಿಡುವುದೇ ಕಷ್ಟ. ಒಂದೇ ಪೆಟ್ಟಿಗೆಯಲ್ಲಿ ಎರಡು ಹವೆ ಹೇಗೆ ಮಾಡ್ತೀರಿ? ಅದಕ್ಕೇ ಹೇಳುವುದು, ಒಂದು ಪೆಟ್ಟಿಗೆಗೆ ಒಂದೇ ಜಾತಿ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ಯಾಕ್‌ಮನ್ ಎಂಬ ದೊಡ್ಡ ಬಾಯಿಯ ಕಪ್ಪೆಯ ಜೊತೆ ಯಾವುದನ್ನೂ ಬಿಡಬೇಡಿ. ಬಾಯಿಗೆ ಹಿಡಿಸುವ ಕಪ್ಪೆಯನ್ನು ಅದು ನುಂಗಿಯೇಬಿಡುತ್ತದೆ. ಅದರ ಸ್ವಂತ ಜಾತಿಯದ್ದನ್ನೂ ಬಿಡುವುದಿಲ್ಲ.

ಇನ್ನು ಕೈಟ್ರಿಡ್ ಎಂಬ ಶಿಲೀಂಧ್ರ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದು 1999ರಲ್ಲಿ. ಚರ್ಮಕ್ಕೆ ಹತ್ತುವ ಈ ರೋಗದಿಂದ ಜಗತ್ತಿನಲ್ಲಿ ಎಷ್ಟೋ ಜಾತಿಯ ಕಪ್ಪೆಗಳು ಅಳಿದುಹೋಗಿವೆ. ಒಂದು ಜಾತಿ ರೋಗ ಹೊತ್ತುಕೊಂಡೇ ಆರಾಮಾಗಿರುತ್ತದೆ, ಪಕ್ಕದ ಜಾತಿ ಸಾಯುತ್ತದೆ. ಸಾಕಿ ಬೇಜಾರಾಯಿತು ಅಂತ ಹೊರದೇಶದ ಕಪ್ಪೆಯನ್ನು ನಮ್ಮೂರಿನ ಅಪ್ಪನ ಕೆರೆಗೆ ಬಿಡುವ ಯೋಚನೆಯನ್ನಂತೂ ಖಂಡಿತ ಮಾಡಬೇಡಿ. ಮಳೆಗಾಲದಲ್ಲಿ ಹೊಲದ ಕಪ್ಪೆ ಹಿಡಿದು ತಂದು ಪೆಟ್ಟಿಗೆಗೆ ಹಾಕುವುದೂ ಬೇಡ. ಅದು ಅಲ್ಲೇ ಹುಳ ತಿಂದುಕೊಂಡು ಇರಲಿ.

ಅದೇ ಜಾತಿಯ ಇನ್ನೊಂದು ಕಪ್ಪೆ ತಂದರೂ ಮೊದಲು ಎರಡು ತಿಂಗಳು ಬೇರೆ ಡಬ್ಬಿಯಲ್ಲಿಡಿ. ಅದರ ಬಟ್ಟಲು, ಇಕ್ಕಳ ಎಲ್ಲ ಬೇರೆ ಇರಲಿ. ಒಂದನ್ನು ಮುಟ್ಟಿ ಕೈ ತೊಳೆಯದೆ ಇನ್ನೊಂದನ್ನು ಮುಟ್ಟಬೇಡಿ. ತಿನ್ನುತ್ತಿದೆ, ಮೈ ತುಂಬಿಕೊಂಡಿದೆ ಅನ್ನಿಸಿದ ಮೇಲೆ ಜೊತೆಗೆ ಬಿಡಿ. ನಮಸ್ಕಾರ.