ಮೆಕೆಂಜಿಗಳ ಸೀಮೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು

ನಮಸ್ಕಾರ ಎಲ್ಲರಿಗೂ. ಸ್ಕ್ರೀನಿನಲ್ಲಿ ಕಾಣುತ್ತಿರುವುದು ಐಲೀನ್ ಡೋನನ್ ಕೋಟೆ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿ, ಕಿಂಟೇಲ್ ಸೀಮೆ. ಮೂರು ಕಡೆಯಿಂದ ಸಮುದ್ರದ ನೀರು ಬೆಟ್ಟಗಳ ನಡುವೆ ಒಳಗೆ ನುಗ್ಗಿ ಇಲ್ಲಿ ಬಂದು ಕೂಡುತ್ತದೆ, ಆ ಕೂಡುವ ಜಾಗದಲ್ಲೇ ಒಂದು ಪುಟ್ಟ ನಡುಗಡ್ಡೆ, ಅದರ ಮೇಲೆ ಕೋಟೆ. ಜಾಗ ಆರಿಸಿದವರಿಗೆ ಕಣ್ಣಿತ್ತು, ಅಲ್ವಾ? ಸಮುದ್ರದಿಂದ ಯಾರೇ ಬಂದರೂ ಮೊದಲು ಇಲ್ಲಿಗೇ ಕಾಣಬೇಕು.

ಹೊಸದಾಗಿ ನೋಡುತ್ತಿರುವವರಿಗೆ ಎರಡು ಮಾತು. ನಾನು ಮಂಡ್ಯ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವನು. ಮಗಳು ಇನ್ವರ್ನೆಸ್‌ನಲ್ಲಿ ಕೆಲಸದಲ್ಲಿದ್ದಾಳೆ, ಕ್ಯಾಮೆರಾ ಹಿಡಿದಿರುವುದೂ ಅವಳೇ. ಈ ವಿಡಿಯೋ ಈ ಸೀಮೆಯ ಒಡೆಯರಾಗಿದ್ದ ಮೆಕೆಂಜಿಗಳ ಬಗ್ಗೆ. ಸ್ಕಾಟ್ಲೆಂಡಿನಲ್ಲಿ ಇಷ್ಟೊಂದು ಕ್ಲಾನ್‌ಗಳಿರುವಾಗ ಇವರೇ ಯಾಕೆ ಅಂತ ಕೇಳಿದರೆ, ನಮ್ಮ ಶ್ರೀರಂಗಪಟ್ಟಣಕ್ಕೂ ಇವರಿಗೂ ಇರುವ ನಂಟು ಅಂಥದ್ದು.

ಕ್ಲಾನ್ ಅಂದರೆ ಒಂದೇ ರಕ್ತದವರ ಗುಂಪು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಪೂರ್ತಿ ಹಾಗಲ್ಲ. ಒಬ್ಬ ನಾಯಕ, ಅವನ ಕಣಿವೆಗಳು, ಅಲ್ಲಿ ದನ ಸಾಕಿ ಓಟ್ಸ್, ಬಾರ್ಲಿ ಬೆಳೆದು ಬದುಕುವ ಒಕ್ಕಲುಗಳು. ಆಶ್ರಯ ಕೇಳಿಕೊಂಡು ಬಂದವರೂ ಎಷ್ಟೋ ಸಲ ನಾಯಕನ ಹೆಸರನ್ನೇ ಇಟ್ಟುಕೊಂಡರು. ಗೇಣಿಯಲ್ಲಿ ಒಂದು ಪಾಲು ದವಸ, ದನ, ಬೆಣ್ಣೆ. ಇನ್ನೊಂದು ಪಾಲು, ಕರೆ ಬಂದಾಗ ಕತ್ತಿ ಹಿಡಿದು ಹೊರಡುವುದು. ನಾಯಕ ಅಂದರೆ ತಂದೆ ಇದ್ದ ಹಾಗೆ ಅಂತ ಆ ಜನ ನಂಬಿದ್ದರು, ಈ ನಂಬಿಕೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದಿನ ಕತೆಯೆಲ್ಲ ಇದರ ಮೇಲೇ ನಿಂತಿದೆ.

ಮೆಕೆಂಜಿಗಳು ಬೇಗ ಬೇಗ ಮೇಲೆ ಬಂದರು. 1610ರಲ್ಲಿ ದೂರದ ಲೂಯಿಸ್ ದ್ವೀಪ ಕೈಗೆ ಬಂತು, 1623ರಲ್ಲಿ ನಾಯಕನಿಗೆ ಸೀಫೋರ್ಥ್‌ನ ಅರ್ಲ್ ಎಂಬ ಪದವಿ ಸಿಕ್ಕಿತು. ಆಮೇಲೆ ಸಿಂಹಾಸನ ಕಳೆದುಕೊಂಡ ಸ್ಟೂವರ್ಟ್ ರಾಜರ ಪಕ್ಷ ಹಿಡಿದು 1715ರಲ್ಲಿ ಬಂಡೆದ್ದರು, ಸೋತರು, ಜಮೀನು ಜಪ್ತಿಯಾಯಿತು. 1719ರಲ್ಲಿ ಮತ್ತೆ ಎದ್ದರು, ಈ ಸಲ ಸ್ಪೇನಿನಿಂದ ಬಂದ ಸೈನಿಕರೂ ಜೊತೆಗಿದ್ದರು. ಬ್ರಿಟಿಷ್ ಯುದ್ಧನೌಕೆಗಳು ಇದೇ ನೀರಿಗೆ ಬಂದು ಕೋಟೆಗೆ ಗುಂಡು ಹಾರಿಸಿದವು, ಒಳಗಿದ್ದ ಮದ್ದಿನ ಪೀಪಾಯಿಗಳಿಂದಲೇ ಕೋಟೆಯನ್ನು ಸ್ಫೋಟಿಸಿದವು. ಜೂನ್‌ನಲ್ಲಿ ಪಕ್ಕದ ಗ್ಲೆನ್ ಶೀಲ್ ಕಣಿವೆಯಲ್ಲಿ ಯುದ್ಧವೂ ಮುಗಿಯಿತು. ಅಲ್ಲಿನ ಒಂದು ಶಿಖರಕ್ಕೆ ಈಗಲೂ ಸ್ಪೇನಿನವರ ಶಿಖರ ಅಂತಲೇ ಹೆಸರು. ಕೋಟೆ ಸುಮಾರು ಇನ್ನೂರು ವರ್ಷ ಪಾಳು ಬಿದ್ದಿತ್ತು. ನೀವು ನೋಡುತ್ತಿರುವ ಗೋಡೆಗಳು 1932ರ ಹೊತ್ತಿಗೆ ಮತ್ತೆ ಕಟ್ಟಿ ಮುಗಿಸಿದ್ದು.

ಸ್ಟೂವರ್ಟ್ ಪಕ್ಷದ ಕೊನೆಯ ಬಂಡಾಯ ಮಣ್ಣುಮುಕ್ಕಿದ 1746ರ ಕಲೋಡನ್ ಯುದ್ಧದ ಹೊತ್ತಿಗೆ ಮನೆತನವೇ ಎರಡಾಗಿತ್ತು. ಹಿರಿಯ ಮನೆ ಸರ್ಕಾರದ ಕಡೆ, ಕ್ರೊಮಾರ್ಟಿ ಅರ್ಲ್‌ನ ಕಿರಿಯ ಶಾಖೆ ಬಂಡಾಯದ ಕಡೆ. ಸೋತ ಮೇಲೆ ಕ್ರೊಮಾರ್ಟಿಗೆ ಮರಣದಂಡನೆ ವಿಧಿಸಿ ಆಮೇಲೆ ಕ್ಷಮಿಸಿದರು, ಜಮೀನು ಮಾತ್ರ ಹೋಯಿತು. ಗುಡ್ಡಗಾಡಿನ ಗಂಡಸರು ಟಾರ್ಟನ್ ಅನ್ನುವ ತಮ್ಮ ಚೌಕುಳಿ ಬಟ್ಟೆ ತೊಡುವುದಕ್ಕೂ ಕಾನೂನು ಅಡ್ಡ ಬಂತು, 1782ರವರೆಗೆ! ತಮ್ಮ ಜನರ ನ್ಯಾಯ ತೀರ್ಮಾನ ಮಾಡಲು ನಾಯಕರಿಗಿದ್ದ ಅಧಿಕಾರವನ್ನೂ ಸರ್ಕಾರ ಕಿತ್ತುಕೊಂಡಿತು. ಉಳಿದದ್ದು ನೆಲ, ಮತ್ತು ಕರೆದರೆ ಬರುವ ಜನ.

ಆ ಜನರನ್ನು ನಾಯಕರು ಏನು ಮಾಡಿದರು ಅನ್ನುವುದೇ ನನ್ನನ್ನು ಕಾಡುವ ಭಾಗ. ಕ್ರೊಮಾರ್ಟಿಯ ಮಗ ಲಾರ್ಡ್ ಮೆಕ್ಲಿಯಡ್ 1777ರಲ್ಲಿ ಒಂದು ರೆಜಿಮೆಂಟ್ ಕಟ್ಟಿ, ಅಪ್ಪ ಯಾವ ರಾಜನ ವಿರುದ್ಧ ಕತ್ತಿ ಎತ್ತಿದ್ದನೋ ಅದೇ ರಾಜಮನೆತನಕ್ಕೆ ಒಪ್ಪಿಸಿದ. ಅದರ ಎರಡು ತುಕಡಿಗಳು 1780ರ ಸೆಪ್ಟೆಂಬರ್‌ನಲ್ಲಿ ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯಕ್ಕೆ ಸಿಕ್ಕಿದವು. ದರಿಯಾ ದೌಲತ್‌ನ ಪಡುವಣ ಗೋಡೆ ನೋಡಿದ್ದೀರಲ್ಲ, ಅದೇ ಯುದ್ಧ. ಕೆಂಪು ಕೋಟಿನವರು ಒತ್ತಾಗಿ ನಿಂತಿದ್ದಾರೆ, ಮದ್ದಿನ ಬಂಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ ಆ ಪಡೆಯ ಮುಖ್ಯಸ್ಥ ಕರ್ನಲ್ ಬೇಯ್ಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಬೇಯ್ಲಿಯ ಮನೆತನದ ಊರು ಡುನೇನ್, ಮಗಳ ಮನೆಯಿಂದ ಹತ್ತಿರವೇ. ಅವನು 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ.

ಪ್ರವಾಸಕ್ಕೆ ಮಕ್ಕಳನ್ನು ಆ ಗೋಡೆ ಮುಂದೆ ನಿಲ್ಲಿಸಿ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗ ಕೆಂಪು ಕೋಟಿನವರನ್ನು ತೋರಿಸಿ "ಸಾರ್, ಇವರ ಊರು ಯಾವುದು?" ಅಂದ. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ಆದರೆ ನಾನು ಕೇಳಿದ ಒಳ್ಳೆ ಪ್ರಶ್ನೆಗಳಲ್ಲಿ ಅದೂ ಒಂದು.

ಹಿರಿಯ ಮನೆಯ ಸೀಫೋರ್ಥ್ ಅರ್ಲ್ ಕೂಡ 1778ರಲ್ಲಿ ರೆಜಿಮೆಂಟ್ ಕಟ್ಟಿದ. ಇದೇ ಕಿಂಟೇಲ್‌ನ ಒಕ್ಕಲುಗಳಾದ ಮೆಕ್ರೇ ಮನೆತನದವರು ಅದರಲ್ಲಿ ಜಾಸ್ತಿ. ಎಡಿನ್‌ಬರೋಗೆ ಹೋದ ಮೇಲೆ ಅವರಿಗೆ ಸಂಬಳ ಬಾಕಿ, ಜೊತೆಗೆ ತಮ್ಮನ್ನು ಈಸ್ಟ್ ಇಂಡಿಯಾ ಕಂಪನಿಗೆ ಮಾರಿಬಿಟ್ಟಿದ್ದಾರೆ ಅನ್ನುವ ಸುದ್ದಿ. ಅವರು ಹಡಗು ಹತ್ತುವುದಿಲ್ಲ ಅಂತ ಆರ್ಥರ್ಸ್ ಸೀಟ್ ಗುಡ್ಡ ಹತ್ತಿ ಕೂತರು. ಊರಿನ ಜನ ಅವರಿಗೆ ಊಟ ತಂದುಕೊಟ್ಟರು. ಬಾಕಿ ಕೊಡುತ್ತೇವೆ, ಇಂಡಿಯಾಕ್ಕೆ ಕಳಿಸುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಇಳಿದು ಬಂದರು. 1781ರಲ್ಲಿ ಅದೇ ರೆಜಿಮೆಂಟನ್ನು ಇಂಡಿಯಾದ ಹಡಗಿಗೇ ಹತ್ತಿಸಿದರು. ಅರ್ಲ್ ದಾರಿಯಲ್ಲೇ ಸತ್ತ. ಮದ್ರಾಸ್ ಮುಟ್ಟುವಷ್ಟರಲ್ಲಿ ಇನ್ನೂರಕ್ಕೂ ಹೆಚ್ಚು ಸೈನಿಕರು ಸ್ಕರ್ವಿ ಕಾಯಿಲೆಗೆ ಬಲಿಯಾದರು.

ಇದನ್ನು ಓದಿದಾಗಿನಿಂದ ನನ್ನ ಕೆಲಸದ ಬಗ್ಗೆ ಯೋಚಿಸುತ್ತಲೇ ಇದ್ದೇನೆ. ಹಳ್ಳಿಯಲ್ಲಿ ಮೇಷ್ಟ್ರ ಮಾತಿಗೆ ಒಂದು ಕಾಲದಲ್ಲಿ ಬಹಳ ತೂಕವಿತ್ತು. ಹತ್ತನೇ ಕ್ಲಾಸ್ ಮುಗಿದ ತಕ್ಷಣ ಅಪ್ಪಂದಿರು ಬರುತ್ತಿದ್ದರು. ಮಗಳನ್ನು ಕಾಲೇಜಿಗೆ ಕಳಿಸೋಣವಾ, ಹುಡುಗನನ್ನು ಐಟಿಐಗೆ ಹಾಕೋಣವಾ, ಮಿಲಿಟರಿಗೆ ಹೋಗುತ್ತೇನೆ ಅಂತಾನೆ ಏನು ಮಾಡೋಣ, "ನೀವು ಹೇಳಿದ ಹಾಗೆ ಮೇಷ್ಟ್ರೇ" ಅನ್ನುತ್ತಿದ್ದರು. ನಾನು ಹೇಳಿದ ಒಂದು ಮಾತಿಗೆ ಒಂದು ಮನೆಯ ದಾರಿಯೇ ತಿರುಗುತ್ತಿತ್ತು. ಅದಕ್ಕೇ ಕಳಿಸಿದ ಮಕ್ಕಳನ್ನು ವಿಚಾರಿಸುವುದನ್ನು ನಾನು ಬಿಡಲಿಲ್ಲ, ಈಗಲೂ ಫೋನ್ ಮಾಡುತ್ತೇನೆ. ನಂಬಿ ಬಂದವರನ್ನು ಹಡಗು ಹತ್ತಿಸಿ ಕೈ ತೊಳೆದುಕೊಳ್ಳುವುದಾದರೆ ತಂದೆಯ ಸ್ಥಾನ ಯಾಕೆ ಬೇಕು? ಈ ನಾಯಕರ ಮೇಲೆ ನನಗಿರುವ ಸಿಟ್ಟು ಇದೇ. ಕರೆಯುವಾಗ ತಂದೆ, ಲೆಕ್ಕ ಹಾಕುವಾಗ ಮಾಲೀಕ.

ಕೊನೆಯ ಲಾರ್ಡ್ ಸೀಫೋರ್ಥ್, ಫ್ರಾನ್ಸಿಸ್, ಸಾಲದಲ್ಲಿ ಮುಳುಗಿ ಕಿಂಟೇಲ್ ಮಾರಲು ಹೊರಟಾಗ ಒಕ್ಕಲುಗಳೇ ದುಡ್ಡು ಕೂಡಿಸಿ ಆ ನೆಲವನ್ನು ಅವನಿಗಾಗಿ ಉಳಿಸಿಕೊಡುತ್ತೇವೆ ಅಂದರಂತೆ. ಅಷ್ಟೆಲ್ಲ ಆದ ಮೇಲೂ! ನೆಲ ಹೋಯಿತು. ಅವನ ನಾಲ್ಕು ಗಂಡುಮಕ್ಕಳೂ ಅವನಿಗಿಂತ ಮೊದಲೇ ತೀರಿಕೊಂಡರು, ಅವನು 1815ರಲ್ಲಿ ಸತ್ತ. 1844ರಲ್ಲಿ ಲೂಯಿಸ್ ದ್ವೀಪವನ್ನು ಚೀನಾದ ಅಫೀಮು ವ್ಯಾಪಾರದಲ್ಲಿ ಶ್ರೀಮಂತನಾದ ಜೇಮ್ಸ್ ಮ್ಯಾಥಿಸನ್ ಕೊಂಡುಕೊಂಡ. ಹೈಲ್ಯಾಂಡ್ಸ್ ಅನ್ನುವ ಈ ಗುಡ್ಡಗಾಡಿನ ಕಣಿವೆ ಕಣಿವೆಗಳಲ್ಲಿ ಕುರಿ ಸಾಕಣೆಗಾಗಿ ಜನರನ್ನು ಎಬ್ಬಿಸಿದ ಕಾಲ ಅದು. ಆ ಜನರ ಮೊಮ್ಮಕ್ಕಳು ಇವತ್ತು ಕೆನಡಾದಲ್ಲಿ, ಆಸ್ಟ್ರೇಲಿಯಾದಲ್ಲಿ ಮೆಕೆಂಜಿ ಅಂತ ಹೆಸರು ಹೇಳಿಕೊಂಡು ಇದೇ ಕೋಟೆ ನೋಡಲು ಬರುತ್ತಾರೆ.

ಮುಂದಿನ ವಿಡಿಯೋ ಲೂಯಿಸ್‌ನ ಸ್ಟಾರ್ನೊವೇಯಿಂದ. ಅಲ್ಲಿ 1754ರಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿ ಮೊದಲು ಊರಿನ ಸುಂಕದ ಕಚೇರಿಯಲ್ಲಿದ್ದ, ಆಮೇಲೆ ಕಂಪನಿ ಸೇರಿ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇದ್ದ. ಗೆದ್ದ ಮೈಸೂರನ್ನು ಅಳೆಯುವ ಕೆಲಸ ಅವನಿಗೆ ಬಿತ್ತು. ಕಂಪನಿಗೆ ಬೇಕಿದ್ದದ್ದು ನಕ್ಷೆ, ಅವನು ಅದರ ಜೊತೆಗೆ ಶಾಸನಗಳನ್ನೂ, ಕೈಫಿಯತ್ತುಗಳನ್ನೂ, ಅಂದರೆ ಊರೂರಿನ ಚರಿತ್ರೆಯ ಬರಹಗಳನ್ನೂ, ಸೇರಿಸುತ್ತಾ ಹೋದ. ಊರೂರಿಗೆ ನಡೆದು ಶಾನುಭೋಗರನ್ನೂ ಪೂಜಾರಿಗಳನ್ನೂ ಕೇಳಿ ಬರೆಸಿಕೊಂಡವರು ಅವನ ಸಹಾಯಕರಾದ ಕಾವಲಿ ಬೊರಯ್ಯ, ಲಕ್ಷ್ಮಯ್ಯ, ನಮ್ಮ ಮಲೆಯೂರಿನ ಧರ್ಮಯ್ಯ ಅಂಥವರು. ಹೊಗಳಿಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇವರಿಗೆ ಸಲ್ಲಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನನ್ನ ಹಳೆ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಕರ್ನಾಟಕದ ಕೈಫಿಯತ್ತುಗಳು ಕನ್ನಡದಲ್ಲಿ ಅಚ್ಚಾಗಿವೆ. ಲೈಬ್ರರಿಗೆ ಹೋಗಿ ನಿಮ್ಮೂರಿನ ಹೆಸರು ಇದೆಯಾ ಹುಡುಕಿ. ಸಿಕ್ಕರೆ ಆ ಪುಟದ ಫೋಟೋ ನನಗೆ ಕಳಿಸಿ, ಸ್ಟಾರ್ನೊವೇಯಲ್ಲಿ ನಿಂತು ಓದುತ್ತೇನೆ.