ಮನೆ ಸಿಕ್ಕಿದ ಮೇಲಿನ ಮೂರು ತಿಂಗಳು

ಕೇಳುಗರಿಗೆಲ್ಲ ನಮಸ್ಕಾರ.

ಹೆತ್ತವರ ಜೊತೆ ಇರಲಾಗದ ಮಗುವನ್ನು ಬಾಲಮಂದಿರದಲ್ಲೇ ಬೆಳೆಸುವ ಬದಲು ಇನ್ನೊಂದು ಕುಟುಂಬ ತನ್ನ ಮನೆಯಲ್ಲಿಟ್ಟು ಸಾಕುವುದು ಪೋಷಕತ್ವ. ಫಾಸ್ಟರ್ ಕೇರ್ ಅಂದರೂ ಇದೇ. ಇದು ದತ್ತು ಅಲ್ಲ. ಮಗುವಿನ ಹೆಸರು, ಇನಿಶಿಯಲ್ ಬದಲಾಗುವುದಿಲ್ಲ. ಆಸ್ತಿಯ ಹಕ್ಕು ಬರುವುದಿಲ್ಲ. ಹೆತ್ತವರ ಸಂಬಂಧವೂ ಕಡಿಯುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಇದಕ್ಕೆ ಆಧಾರ. ದತ್ತು ಹೋಗಬಹುದಾದ ಮಗುವನ್ನು ದೀರ್ಘಾವಧಿ ಪೋಷಕತ್ವಕ್ಕೆ ಕೊಡಬಾರದೆಂದು ಅದರಲ್ಲೇ ಇದೆ. ಹಾಗಾಗಿ ಕೈಗೂಸು ಬೇಕೆನ್ನುವವರು ಈ ದಾರಿ ಹಿಡಿಯಬಾರದು. ಇಲ್ಲಿ ಬರುವುದು ಹೆಚ್ಚಾಗಿ ಆರು ವರ್ಷ ದಾಟಿದ ಮಕ್ಕಳು.

ಯಾರು ಸಾಕಬಹುದು? ದಂಪತಿ ಮಾತ್ರವಲ್ಲ, 2024ರ ಮಾರ್ಗಸೂಚಿ ಬಂದ ಮೇಲೆ ಅವಿವಾಹಿತರು, ವಿಧವೆಯರು, ವಿಚ್ಛೇದಿತರೂ ಅರ್ಜಿ ಹಾಕಬಹುದು. ಹೀಗೆ ಒಂಟಿಯಾಗಿ ಸಾಕುವವರ ವಯಸ್ಸು 35ರಿಂದ 60ರ ಒಳಗಿರಬೇಕು. ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಗುವನ್ನು ಒಪ್ಪಿಸುವ ಆದೇಶ ಬರಬೇಕಾದದ್ದು ಮಕ್ಕಳ ಕಲ್ಯಾಣ ಸಮಿತಿಯಿಂದ. ಛಾಪಾ ಕಾಗದದಲ್ಲಿ ಕರಾರು ಬರೆದು ಮಗುವನ್ನು ಕೊಡುವ ಕೊಳ್ಳುವ ಕ್ರಮಕ್ಕೆ ಕಾನೂನಿನ ಬೆಲೆಯೇ ಇಲ್ಲ.

ಅರ್ಜಿಯ ಬೆನ್ನಿಗೆ ಮನೆ ಅಧ್ಯಯನ. ಘಟಕದ ಕಾರ್ಯಕರ್ತರು ಮನೆಗೆ ಬಂದು ಗುರುತಿನ ದಾಖಲೆ, ಆದಾಯ, ಆರೋಗ್ಯ, ಪೊಲೀಸ್ ಪರಿಶೀಲನೆ ಎಲ್ಲ ನೋಡುತ್ತಾರೆ. ಕಾಗದಗಳು ಸರಿಯಾಗಿಯೇ ಇರುತ್ತವೆ. ಎಡವುವುದು ಬೇರೆ ಕಡೆ. ಗಂಡಹೆಂಡತಿಯನ್ನು ಮಾತಾಡಿಸಿ, ಜಗಲಿಯಲ್ಲಿ ಕೂತ ಅಜ್ಜಿಯನ್ನೂ ಆ ಮನೆಯದೇ ಮಗನನ್ನೂ ಕೇಳದೆ ಬರುತ್ತಾರೆ. ಹನ್ನೆರಡು ವರ್ಷದ ಹುಡುಗನಿಗೆ ತನ್ನ ಕೋಣೆ, ತನ್ನ ಸೈಕಲ್ ಹಂಚಿಕೊಳ್ಳಬೇಕೆಂಬುದು ಮಗು ಬಂದ ದಿನವೇ ಗೊತ್ತಾದರೆ ಜಗಳ ಶುರು. ಮನೆಯ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಮಾತಾಡಿಸದ ವರದಿಯನ್ನು ಅರ್ಧ ವರದಿ ಎನ್ನಬೇಕು.

ಇನ್ನು ಹೊಂದಾಣಿಕೆ. ನಮ್ಮ ಕರಾವಳಿಯಲ್ಲಿ ಇದು ಸ್ವಲ್ಪ ತೊಡಕಿನದೇ. ಕಟ್ಟಡ ಕೆಲಸಕ್ಕೆ, ಮಲ್ಪೆಯ ಬಂದರಿಗೆ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದ ಕುಟುಂಬಗಳು ಇಲ್ಲಿ ತುಂಬ ಇವೆ. ಆ ಮನೆಯ ಮಗು ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ ಮನೆಗೆ ಬಂತೆನ್ನಿ. ಊಟದ ಹೊತ್ತಿಗೆ ಎಲ್ಲರೂ ತಮ್ಮ ಮಾತಿನಲ್ಲಿ ನಕ್ಕರೆ, ತನ್ನನ್ನೇ ನೋಡಿ ನಕ್ಕರು ಅಂತ ಮಗು ತಿಳಿಯುತ್ತದೆ. ರೊಟ್ಟಿ ತಿಂದು ಬೆಳೆದದ್ದಕ್ಕೆ ಕುಚ್ಚಲಕ್ಕಿ ಗಂಜಿ, ಮೀನು ಸಾರು ಗಂಟಲಲ್ಲಿ ಇಳಿಯದು. ಅದನ್ನು ಹಠ ಅನ್ನಬೇಡಿ. ಮೊದಲ ತಿಂಗಳು ಮಗುವಿನ ಎದುರು ಕನ್ನಡವೇ ಆಡಿ, ವಾರಕ್ಕೆ ಎರಡು ಮೂರು ಸಲ ರೊಟ್ಟಿಯೋ ಚಪಾತಿಯೋ ಮಾಡಿ. ತುಳು ತಾನಾಗಿ ಬರುತ್ತದೆ, ಅದೂ ನಮಗಿಂತ ಚೆನ್ನಾಗಿ.

ಆದೇಶ ಸಿಕ್ಕಿದ ಸಂಜೆಯೇ ಬ್ಯಾಗು ಕೊಟ್ಟು ಕಳಿಸುವುದು ತಪ್ಪು. ಮೊದಲು ಬಾಲಮಂದಿರದಲ್ಲೇ ಎರಡು ಭೇಟಿ, ಮತ್ತೆ ಒಂದು ಹಗಲು ಮನೆಯಲ್ಲಿ, ಆಮೇಲೆ ಶನಿವಾರ ರಾತ್ರಿ ಉಳಿಯುವುದು. ತುರ್ತು ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಕರೆತನ್ನಿ. ಶಾಲೆ ತೆರೆಯುವ ಹೊತ್ತಿಗೆ ಮನೆ ಪರಿಚಯವಾಗಿರುತ್ತದೆ. ಹೊಸ ಮನೆ, ಹೊಸ ಶಾಲೆ ಎರಡನ್ನೂ ಒಂದೇ ವಾರದಲ್ಲಿ ಹೊರುವ ಕಷ್ಟ ತಪ್ಪುತ್ತದೆ.

ಮೊದಲ ಎರಡು ಮೂರು ವಾರ ಮಗು ಬಹಳ ಒಳ್ಳೆಯದಾಗಿ ಇರುವುದುಂಟು. ಹೇಳಿದ್ದು ಕೇಳುತ್ತದೆ, ತಟ್ಟೆ ತೊಳೆದಿಡುತ್ತದೆ. ಅದು ಭಯ, ಗುಣವಲ್ಲ. ಧೈರ್ಯ ಬಂದ ಮೇಲೆ ನಿಜವಾದ ಮಗು ಹೊರಬರುತ್ತದೆ: ಹಾಸಿಗೆ ಒದ್ದೆ, ದಿಂಬಿನಡಿ ಬಿಸ್ಕತ್ತು, ಸುಳ್ಳು, ರಾತ್ರಿಯ ಕಿರುಚಾಟ. "ಇಷ್ಟು ಮಾಡಿದರೂ ಹೀಗೆ" ಎಂದು ಮನೆಯವರು ಸೋಲುವುದು ಆಗಲೇ. ತಿಂಡಿ ಬಚ್ಚಿಟ್ಟರೆ ಬೈಯಬೇಡಿ. ಒಂದು ಡಬ್ಬಿ ಅದಕ್ಕೇ ಕೊಡಿ, ಖಾಲಿಯಾದಾಗ ತುಂಬಿಸಿ. ಹೊಡೆತವಂತೂ ಕೂಡದು, ಹೊಡೆತ ತಿಂದೇ ಬಂದ ಮಗು ಅದಾಗಿರಬಹುದು.

ಕಾಯ್ದೆಯ ಪ್ರಕಾರ ಸಮಿತಿ ತಿಂಗಳಿಗೊಮ್ಮೆ ಮನೆಯ ಪರಿಶೀಲನೆ ಮಾಡಬೇಕು. ಮನೆಯವರೊಂದಿಗೆ ಚಾ ಕುಡಿದು ಹೊರಡುವುದಕ್ಕೆ ಪರಿಶೀಲನೆ ಅನ್ನುವುದು ಹೇಗೆ? ಮಗುವನ್ನು ಅಂಗಳಕ್ಕೆ ಕರೆದು ಒಬ್ಬರೇ ಮಾತಾಡಿಸಬೇಕು. ಮೊದಲ ಮೂರು ತಿಂಗಳಿಗೆ ತಿಂಗಳ ಭೇಟಿಯೂ ಸಾಲದು, ವಾರಕ್ಕೊಂದು ಫೋನು ಬೇಕು. ಕೈಬಿಟ್ಟ ಪ್ರತಿ ಮನೆಯ ನಂತರ ಮುಂದಿನ ಮನೆಯನ್ನು ನಂಬುವುದು ಮಗುವಿಗೆ ಇನ್ನಷ್ಟು ಕಷ್ಟ. ನಿಧಾನವಾಗಿ ಆರಿಸಿದ ಸಾಧಾರಣ ಮನೆ ಅವಸರದಲ್ಲಿ ಆರಿಸಿದ ಒಳ್ಳೆಯ ಮನೆಗಿಂತ ಲೇಸು ಎನ್ನುವುದು ಅದಕ್ಕೇ.

ಹೆತ್ತವರ ಭೇಟಿಗೆ ಸಮಿತಿ ಬೇಡವೆನ್ನದಿದ್ದರೆ ದಿನ, ಹೊತ್ತು ನಿಗದಿಯಾಗಿರಲಿ. ಅಮ್ಮ ಬಂದು ಹೋದ ರಾತ್ರಿ ಮಗು ಅತ್ತರೆ ಭೇಟಿ ನಿಲ್ಲಿಸಬೇಕೆಂದಲ್ಲ. ಬರುತ್ತೇನೆಂದು ಹೇಳಿ ಬಾರದೆ ಹೋದಾಗಲೇ ಹೆಚ್ಚು ನೋವು. ಅಣ್ಣತಂಗಿಯರನ್ನು ಸಾಧ್ಯವಾದಷ್ಟು ಒಂದೇ ಮನೆಯಲ್ಲಿಡಬೇಕೆಂದೂ ಕಾಯ್ದೆ ಹೇಳುತ್ತದೆ. ಎರಡು ವರ್ಷ ಸಾಕಿದ ಮೇಲೆ, ಮಗು ಆ ಹೊತ್ತಿಗೆ ಕಾನೂನಿನಂತೆ ದತ್ತು ಕೊಡಲು ಮುಕ್ತವಾಗಿದ್ದರೆ, ಅದೇ ಕುಟುಂಬ ದತ್ತು ಕೇಳಬಹುದು.

ದುಡ್ಡಿನ ವಿಷಯ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಉಂಟು. ಬ್ಯಾಂಕ್ ಖಾತೆ, ಆಧಾರ್ ಜೋಡಣೆ ತಡವಾದರೆ ಮೊದಲ ಕಂತೂ ತಡ. ಆ ಕೆಲಸ ಮಗು ಬರುವ ಮುಂಚೆಯೇ ಮುಗಿಸಿಕೊಳ್ಳಿ.

ಕೊನೆಗೆ, ಅಜ್ಜಿಯೋ ಸೋದರಮಾವನೋ ಸಾಕುತ್ತಿರುವ ತಬ್ಬಲಿ ಮಕ್ಕಳ ಬಗ್ಗೆ. ಖರ್ಚಿಗೆ ಆಗದೆ ಅವರನ್ನು ಬಾಲಮಂದಿರಕ್ಕೆ ಬಿಡಲು ಹೊರಟವರಿದ್ದರೆ ತಡೆಯಿರಿ. ಪ್ರಾಯೋಜಕತ್ವ ಯೋಜನೆಯಲ್ಲಿ ಅದೇ 4,000 ರೂಪಾಯಿ ಆ ಮನೆಗೂ ಸಿಗಬಹುದು. ವಾರ್ಷಿಕ ಆದಾಯದ ಮಿತಿ ಗ್ರಾಮಾಂತರದಲ್ಲಿ 72,000, ಉಳಿದ ಕಡೆ 96,000. ಹೆತ್ತವರ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಶಾಲೆಯ ದೃಢೀಕರಣ ಹಿಡಿದು ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಘಟಕ ಎಲ್ಲಿದೆ ತಿಳಿಯದಿದ್ದರೆ ನಿಮ್ಮ ಊರಿನ ಅಂಗನವಾಡಿಯಲ್ಲಿ ಕೇಳಿ, ಇಲ್ಲವೇ 1098ಕ್ಕೆ ಕರೆ ಮಾಡಿ. ನಮಸ್ಕಾರ.