ಖಾಲಿ ಕಾಗದದ ಮೇಲೆ ಒಂದು ಮುದ್ರೆ: ದಪ್ಪ ಫ್ಯಾಂಟಸಿ ಕಾದಂಬರಿ ಓದೋದು ಹೇಗೆ?

[ಕೈಯಲ್ಲಿ ದಪ್ಪ ಪುಸ್ತಕ. ಹಿಂದೆ ಬೀದರಿನ ಮದರಸಾದ ಮಿನಾರ್.]

ನಮಸ್ಕಾರ. ಹೋದ ವಾರ ಯಾದಗಿರಿಯಿಂದ ಒಬ್ಬ ಕಾಲೇಜು ಹುಡುಗಿ ಮೆಸೇಜ್ ಕಳಿಸಿದ್ದಳು. “ಅಣ್ಣಾ, ನೀವು ಹೇಳಿದ್ರಿ ಅಂತ ದೊಡ್ಡ ಫ್ಯಾಂಟಸಿ ಕಾದಂಬರಿ ತಗೊಂಡೀನಿ. ತೊಂಬತ್ತು ಪುಟ ಆತು. ಬರೀ ರಾಜ, ಮಂತ್ರಿ, ಊಟ, ಪತ್ರ, ಮತ್ತ ಊಟ. ಜಾದೂ ಎಲ್ಲದ? ಇದನ್ನ ಮಂದಿ ಹ್ಯಾಂಗ ಖುಷಿಯಿಂದ ಓದ್ತಾರ?”

ಈ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ. ನಿನ್ನೆ ಬೆಳಿಗ್ಗೆ ಕಲಬುರಗಿಯಲ್ಲಿ ರೈಲು ಹತ್ತಿ ಬೀದರಿಗೆ ಬಂದೆ. ಯಾಕೆ ಬೀದರಿಗೇ ಅಂತ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಮೊದಲು ಬೇಕಾದಷ್ಟೇ ಪೀಠಿಕೆ. ಹೈ ಫ್ಯಾಂಟಸಿ ಅಂದರೆ ನಮ್ಮದಲ್ಲದ ಲೋಕದಲ್ಲಿ ನಡೆಯುವ ಕಥೆ. ಅಲ್ಲಿನ ನದಿ, ಊರು, ದೇವರು, ಭಾಷೆ ಎಲ್ಲ ಬೇರೆ. ಅದರಲ್ಲಿ ಅರಮನೆಯ ಮಸಲತ್ತು ಸೇರಿದರೆ ಪುಸ್ತಕ ಎಂಟುನೂರು ಪುಟ ಆಗುತ್ತದೆ. ಮೊದಲ ಪುಟದಲ್ಲಿ ನಕ್ಷೆ ಇರುತ್ತದೆ, ಕೊನೆಯಲ್ಲಿ ಹೆಸರುಗಳ ಪಟ್ಟಿ. ಇಷ್ಟು ಸಾಕು. ಈಗ ಕಥೆಗೆ ಬರೋಣ.

[ಕ್ಯಾಮೆರಾ ನಿಧಾನವಾಗಿ ಗೋಡೆಯ ಹೆಂಚುಗಳ ಕಡೆಗೆ. ನೀಲಿ, ಹಸಿರು, ಹಳದಿ.]

ನನ್ನ ಹಿಂದೆ ಇರುವ ಈ ಕಟ್ಟಡ 1472ರದ್ದು. ಕಟ್ಟಿಸಿದವನು ಮಹಮೂದ್ ಗವಾನ್. ಪರ್ಷಿಯಾದ ಗೀಲಾನ್ ಕಡೆಯವನು, ವ್ಯಾಪಾರಕ್ಕೆ ಅಂತ ಬಂದವನು ಬಹಮನಿ ರಾಜ್ಯದ ಪ್ರಧಾನ ಮಂತ್ರಿ ಆದ. 1347ರಲ್ಲಿ ಶುರುವಾಗಿ, ನಮ್ಮ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ರಾಜ್ಯ ಅದು. ಆಮೇಲೆ ರಾಜಧಾನಿ ಬೀದರಿಗೆ ಬಂತು.

ಗವಾನ್ ಮಾಡಿದ ಒಂದು ಕೆಲಸ ಕೇಳಿ. ಆಗ ರಾಜ್ಯದಲ್ಲಿ ನಾಲ್ಕು ಪ್ರಾಂತ್ಯ ಇದ್ದವು. ಒಬ್ಬೊಬ್ಬ ಅಧಿಪತಿ ಒಬ್ಬೊಬ್ಬ ರಾಜನ ಹಾಗೆ ಬೀಗುತ್ತಿದ್ದ. ಗವಾನ್ ನಾಲ್ಕನ್ನು ಎಂಟು ಮಾಡಿದ. ಪ್ರಾಂತ್ಯದಲ್ಲಿ ಎಷ್ಟೇ ಕೋಟೆ ಇರಲಿ, ಅಧಿಪತಿಯ ಕೈಗೆ ಒಂದೇ ಕೋಟೆ, ಉಳಿದವು ನೇರವಾಗಿ ಸುಲ್ತಾನರಿಗೆ ಅಂದ. ಜಮೀನು ಅಳೆಸಿದ. ಒಳ್ಳೆಯ ಆಡಳಿತ, ಅಲ್ವಾ? ಆದರೆ ಕೋಟೆ ಕಳೆದುಕೊಂಡ ಸರದಾರ ರಾತ್ರಿ ಮನೆಗೆ ಹೋಗಿ ಏನು ಯೋಚಿಸಿರಬಹುದು?

ಇಲ್ಲಿಂದ ಮುಂದಿನದನ್ನು ನಾನು ನಿಧಾನವಾಗಿ ಹೇಳುತ್ತೇನೆ. ನನಗೆ ಇದಕ್ಕಿಂತ ಇಷ್ಟದ ಕಥೆ ಇನ್ನೊಂದಿಲ್ಲ.

ಗವಾನನನ್ನು ಕತ್ತಿಯಿಂದ ಸೋಲಿಸಲು ಅವನ ವಿರೋಧಿಗಳಿಗೆ ಆಗುತ್ತಿರಲಿಲ್ಲ. ಸೈನ್ಯ ಅವನ ಮಾತು ಕೇಳುತ್ತಿತ್ತು. ಅವರು ಹುಡುಕಿದ್ದು ಅವನ ಮುದ್ರೆ ಇಟ್ಟುಕೊಳ್ಳುತ್ತಿದ್ದ ಸೇವಕನನ್ನು. ಅವನ ಜೊತೆ ಸ್ನೇಹ ಬೆಳೆಸಿದರು. ಕುಡಿಸಿದರು. ಅವನು ಅಮಲಿನಲ್ಲಿದ್ದಾಗ ಒಂದು ಮಡಚಿದ ಕಾಗದ ಮುಂದೆ ಹಿಡಿದು, ಇದಕ್ಕೊಂದು ಮುದ್ರೆ ಒತ್ತು ಅಂದರು. ಅವನು ಒತ್ತಿದ. ಬಿಚ್ಚಿ ನೋಡಲಿಲ್ಲ.

ಕಾಗದ ಖಾಲಿ ಇತ್ತು.

[ಕೈಯಲ್ಲಿ ಬಿಳಿ ಹಾಳೆ. ಅದರ ಮೇಲೆ ಕೆಂಪು ಶಾಯಿಯ ಒಂದು ಗುಂಡನೆಯ ಗುರುತು.]

ಹೀಗೆ. ಇಷ್ಟೇ. ಮೊದಲು ಮುದ್ರೆ, ಆಮೇಲೆ ಬರಹ. ಆ ಖಾಲಿ ಜಾಗದಲ್ಲಿ ಅವರು ಒರಿಸ್ಸಾದ ರಾಜನಿಗೆ ಒಂದು ಪತ್ರ ಬರೆದರು. ನಮ್ಮ ಸುಲ್ತಾನ ಕುಡಿತದಲ್ಲಿ ಮುಳುಗಿದ್ದಾನೆ, ನೀವು ದಂಡೆತ್ತಿ ಬನ್ನಿ ಅನ್ನುವ ಅರ್ಥದ ಪತ್ರ. ಅದನ್ನು ಸುಲ್ತಾನ ಮೂರನೇ ಮುಹಮ್ಮದ್ ಷಾನ ಕೈಗೆ ಮುಟ್ಟಿಸಿದರು. ಅವನು ಗವಾನನನ್ನು ಕರೆಸಿದ. ಹೋಗಬೇಡಿ, ಗುಜರಾತಿಗೆ ಓಡಿಹೋಗಿ ಅಂತ ಆಪ್ತರು ಬೇಡಿಕೊಂಡರು. ಗವಾನ್ ಹೋದ. ರಾಜದ್ರೋಹಕ್ಕೆ ಏನು ಶಿಕ್ಷೆ ಅಂತ ಸುಲ್ತಾನ ಕೇಳಿದ. ಮರಣ ಅಂತ ಗವಾನನೇ ಹೇಳಿದ. ಆಗ ಪತ್ರ ಮುಂದೆ ಬಂತು. ಮುದ್ರೆ ನನ್ನದು, ಬರಹ ನನ್ನದಲ್ಲ ಅಂದ. ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲ್‌ನಲ್ಲಿ, ಎಪ್ಪತ್ತು ದಾಟಿದ ಆ ಮುದುಕನ ತಲೆ ಹೋಯಿತು. ಮರುವರ್ಷ ಸುಲ್ತಾನನೂ ಸತ್ತ. ಹತ್ತು ವರ್ಷ ಆಗುವುದರೊಳಗೆ ಪಿತೂರಿ ಮಾಡಿದವರಲ್ಲಿ ಒಬ್ಬನ ಮಗ ಸ್ವತಂತ್ರನಾದ, ಮುಂದೆ ಅಹ್ಮದ್‌ನಗರ ಕಟ್ಟಿದವನು ಅವನೇ; ಗವಾನ್ ಬೆಳೆಸಿದ ಯೂಸುಫ್ ಆದಿಲ್ ಖಾನ್ ವಿಜಯಪುರದಲ್ಲಿ ಸ್ವತಂತ್ರನಾದ. ಒಂದು ರಾಜ್ಯ ಒಡೆದು ಕೊನೆಗೆ ಐದಾಯಿತು.

ತಂಗೀ, ಈಗ ನಿನ್ನ ತೊಂಬತ್ತು ಪುಟ ನೆನಪಿಸಿಕೋ. ಊಟ, ಪತ್ರ, ಮತ್ತೆ ಊಟ. ಆ ಸೇವಕ ಕುಡಿದ ಆ ರಾತ್ರಿಯೂ ಒಂದು ಊಟದ ರಾತ್ರಿಯೇ ಆಗಿರಬೇಕು. ಕಾದಂಬರಿಯಲ್ಲಿ ಅದನ್ನು ಓದುತ್ತಿದ್ದರೆ ನಾವು ಆಕಳಿಸಿ ಪುಟ ತಿರುಗಿಸುತ್ತಿದ್ದೆವು. ಯುದ್ಧ ಯಾವಾಗ ಅಂತ ಕಾಯುತ್ತಿದ್ದೆವು. ಯುದ್ಧ ಅಲ್ಲೇ ಮುಗಿದಿತ್ತು.

ಅದಕ್ಕೇ ನಾನು ಇಂಥ ಕಾದಂಬರಿ ಓದುವಾಗ ಒಂದು ಪ್ರಶ್ನೆ ಕೈಬಿಡುವುದಿಲ್ಲ: ಮುದ್ರೆ ಯಾರ ಕೈಯಲ್ಲಿದೆ? ಸಿಂಹಾಸನದ ಮೇಲೆ ಯಾರಿದ್ದಾರೆ ಅನ್ನುವುದು ಎರಡನೇ ಮಾತು. ಪತ್ರ ಯಾರು ಒಡೆಯುತ್ತಾರೆ, ಬೀಗದ ಕೈ ಯಾರ ಸೊಂಟದಲ್ಲಿದೆ, ರಾಜನ ಕೋಣೆಗೆ ಕೇಳದೆ ಒಳಗೆ ಹೋಗುವವರು ಯಾರು? ಇದನ್ನು ನೋಡುತ್ತಾ ಹೋದರೆ ನಿಧಾನದ ಅಧ್ಯಾಯಗಳೇ ಉಸಿರು ಹಿಡಿಸುತ್ತವೆ.

[ಮದರಸಾದಿಂದ ಹೊರಗೆ. ಬಿದರಿ ಕೆಲಸದ ಅಂಗಡಿ.]

ಇನ್ನು ಜಾದೂ. ಬಹಳ ಜನ ನನಗೆ ಹೇಳುತ್ತಾರೆ, ಮಂತ್ರ ಬಂದ ಮೇಲೆ ರಾಜಕೀಯಕ್ಕೆ ಏನು ಬೆಲೆ, ಮಂತ್ರವಾದಿ ಒಂದು ಚಿಟಿಕೆ ಹೊಡೆದರೆ ಮುಗಿಯಿತಲ್ಲ ಅಂತ. ನಾನು ಒಪ್ಪುವುದಿಲ್ಲ. ಯಾಕೆ ಅಂತ ಇಲ್ಲಿ ತೋರಿಸುತ್ತೇನೆ.

ಬಿದರಿ ಹೂಜಿ ನೀವೆಲ್ಲ ನೋಡಿದ್ದೀರಿ. ಕಪ್ಪು ಮೈ, ಮೇಲೆ ಬೆಳ್ಳಿಯ ಬಳ್ಳಿ. ಆ ಮೈ ಹುಟ್ಟುವಾಗ ಕಪ್ಪಿರುವುದಿಲ್ಲ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದಾಗ ಅದು ಬೂದು ಬಣ್ಣ. ಚಿತ್ರ ಕೆತ್ತಿ, ಕೆತ್ತಿದ ಗೀರಿನೊಳಗೆ ಬೆಳ್ಳಿ ಕೂರಿಸಿ, ಉಜ್ಜಿ ನಯ ಮಾಡಿದ ಮೇಲೆ ಬೂದು ಯಾವುದು, ಬೆಳ್ಳಿ ಯಾವುದು ಅಂತ ಸರಿಯಾಗಿ ಗೊತ್ತೇ ಆಗುವುದಿಲ್ಲ. ಇಷ್ಟು ದಿನದ ಕೆಲಸ ಮಂಕಾಗಿ ಕೂತಿರುತ್ತದೆ. ಆಗ ಬರುತ್ತದೆ ಕೋಟೆಯ ಮಣ್ಣು.

[ಹತ್ತಿರದಿಂದ: ಅಂಗೈಯಲ್ಲಿ ಒಂದು ಚಿಟಿಕೆ ಮಣ್ಣು.]

ಬೀದರ್ ಕೋಟೆಯೊಳಗೆ ಬಿಸಿಲು, ಮಳೆ ತಾಗದ ಹಳೆಯ ಜಾಗದ ಮಣ್ಣು. ಸರಿಯಾದದ್ದು ಹೌದೋ ಅಲ್ಲವೋ ಅಂತ ಕುಶಲಕರ್ಮಿಗಳು ನಾಲಿಗೆಗೆ ಇಟ್ಟು ರುಚಿ ನೋಡುತ್ತಾರೆ! ನಿನ್ನೆ ಒಬ್ಬ ಹಿರಿಯ ಉಸ್ತಾದರು ನನ್ನ ಎದುರಿಗೇ ನೋಡಿದರು. ಒಂದು ಕ್ಷಣ ಕಣ್ಣು ಮುಚ್ಚಿ, ಸರಿ ಇದೆ ಅನ್ನುವ ಹಾಗೆ ತಲೆ ಆಡಿಸಿದರು. ಆ ಮಣ್ಣನ್ನು ನವಸಾಗರ ಅನ್ನುವ ಒಂದು ಬಗೆಯ ಉಪ್ಪಿನ ಜೊತೆ ನೀರಲ್ಲಿ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ನೋಡನೋಡುತ್ತಾ ಮೈಯೆಲ್ಲ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಒಂದು ಚೂರೂ ಕಪ್ಪಾಗುವುದಿಲ್ಲ. ಬಳ್ಳಿ, ಹೂವು, ಎಲೆ ಎಲ್ಲ ಒಮ್ಮೆಲೇ ಎದ್ದು ಬರುತ್ತದೆ.

ನಾನು ಇದನ್ನು ಎಷ್ಟು ಸಲ ನೋಡಿದರೂ ಮೈ ಜುಂ ಅನ್ನುತ್ತದೆ. ಈ ಮಣ್ಣಿಗೆ ಶಕ್ತಿ ಇದೆ, ಆದರೆ ಅದು ಸತುವಿನ ಮೇಲೆ ನಡೆಯುತ್ತದೆ, ಬೆಳ್ಳಿಯ ಮೇಲೆ ನಡೆಯುವುದಿಲ್ಲ. ಬೆಳ್ಳಿಯನ್ನೂ ಕಪ್ಪು ಮಾಡುವ ಮಣ್ಣಾಗಿದ್ದರೆ ಬಿದರಿ ಅನ್ನುವ ಕಲೆಯೇ ಇರುತ್ತಿರಲಿಲ್ಲ.

ಒಳ್ಳೆಯ ಕಾದಂಬರಿಯ ಜಾದೂ ಹೀಗೇ ಇರುತ್ತದೆ. ಅದು ಯಾವುದರ ಮೇಲೆ ನಡೆಯುವುದಿಲ್ಲ ಅಂತ ಹುಡುಕಿ. ರಾಜನ ರಕ್ತದವರ ಮೇಲೆ ನಡೆಯುವುದಿಲ್ಲವೇ? ಕಬ್ಬಿಣ ಮುಟ್ಟಿದರೆ ನಿಲ್ಲುತ್ತದೆಯೇ? ಮಂತ್ರ ಹೇಳಿದವನ ಒಂದು ನೆನಪು ಅಳಿಸಿಹೋಗುತ್ತದೆಯೇ? ಆ ಒಂದು ಗೆರೆ ಸಿಕ್ಕಿತು ಅಂದರೆ ಇಡೀ ಕಥೆಯ ಚಿತ್ರ ಎದ್ದು ಕಾಣುತ್ತದೆ.

ಈಗ ಎರಡನ್ನೂ ಕೂಡಿಸಿ ನೋಡೋಣ. ಗವಾನನ ದರ್ಬಾರಿನಲ್ಲಿ ಒಬ್ಬ ಮಾಯಾವಿ ಇದ್ದಾನೆ ಅಂತ ಇಟ್ಟುಕೊಳ್ಳಿ. ಪತ್ರ ಮುಟ್ಟಿದರೆ ಸಾಕು, ಬರೆದವರು ಯಾರು ಅಂತ ಹೇಳಬಲ್ಲ. ಗವಾನ್ ಉಳಿದ, ಕಥೆ ಮುಗಿಯಿತು ಅನಿಸುತ್ತದೆ. ಇಲ್ಲ, ಅಲ್ಲಿಂದ ಶುರು. ಆ ಮಾಯಾವಿಗೆ ಸಂಬಳ ಕೊಡುವವರು ಯಾರು? ಅವನು ಸುಳ್ಳು ಹೇಳಿದರೆ ಹಿಡಿಯುವವರು ಯಾರು? ಪಿತೂರಿ ಮಾಡುವವರು ಮುದ್ರೆಯ ಸೇವಕನನ್ನು ಬಿಟ್ಟು ಇವನ ಮನೆಗೆ ಹೋಗುತ್ತಾರೆ. ಅವನ ಮಗಳ ಮದುವೆಗೆ ಉಡುಗೊರೆ ಕಳಿಸುತ್ತಾರೆ. ಒಬ್ಬನಿಗೆ ಸತ್ಯ ಕಾಣುವ ಶಕ್ತಿ ಬಂದ ಕೂಡಲೇ ಅವನೇ ಹೊಸ ಮುದ್ರೆ ಆಗುತ್ತಾನೆ. ಜಾದೂ ಬಂದರೆ ಮಸಲತ್ತು ಕಡಿಮೆ ಆಗಲ್ಲ, ಜಾಸ್ತಿ ಆಗುತ್ತದೆ. ಈ ಜಾತಿಯ ಕಾದಂಬರಿಯನ್ನು ನಾನು ಇಷ್ಟು ಪ್ರೀತಿಸುವುದು ಇದಕ್ಕೇ. ಎಂಟುನೂರು ಪುಟ ಬೇಕಾಗುವುದೂ ಇದಕ್ಕೇ.

ಇದೆಲ್ಲ ಹೊರಗಿನ ಸರಕು ಅಂತ ಯಾರಾದರೂ ಹೇಳಿದರೆ ನನಗೆ ನಿಜವಾಗಿ ಬೇಸರ ಆಗುತ್ತದೆ. ಅಲ್ಲಮ ಮತ್ತು ಗೋರಕ್ಷನ ಕಥೆ ನೆನಪಿದೆಯಲ್ಲ? ಗೋರಕ್ಷನ ಮೈಗೆ ಕತ್ತಿ ಹೊಡೆದರೆ ಖಣ್ ಅನ್ನುತ್ತದೆ, ಒಂದು ಕೂದಲೂ ಉದುರುವುದಿಲ್ಲ. ಅಲ್ಲಮನಿಗೆ ಹೊಡೆದರೆ ಕತ್ತಿ ಗಾಳಿಯಲ್ಲಿ ಆಡಿದ ಹಾಗೆ ಆಚೆಗೆ ಹೋಗುತ್ತದೆ. ಎರಡು ಸಿದ್ಧಿ, ಎರಡು ನಿಯಮ. ಅದೇ ಅಲ್ಲಮ ಕಲ್ಯಾಣದಲ್ಲಿ ಶೂನ್ಯ ಸಿಂಹಾಸನ ಏರಿದ, ಅದೇ ಕಲ್ಯಾಣದಲ್ಲಿ ಬಿಜ್ಜಳನ ಕೊಲೆ ಆಯಿತು. ನಮ್ಮ ಭಾಗದ ದಖನಿ ಮಾತಿನ ಮನೆಗಳಿಗೂ ತಿಲಿಸ್ಮ್ ಹೊಸದಲ್ಲ. ಮಾಯೆಯಿಂದ ಕಟ್ಟಿದ ಲೋಕ ಅದು. ಅದನ್ನು ಒಡೆಯುವ ದಾರಿ ಒಂದು ಫಲಕದ ಮೇಲೆ ಬರೆದಿರುತ್ತದೆ, ಫಲಕ ಸಿಕ್ಕವನೇ ಗೆಲ್ಲುತ್ತಾನೆ. ಬೀದರ್ ಕೋಟೆಯಲ್ಲಿ ನಡೆಯುವ ಒಂದು ದಪ್ಪ ಕನ್ನಡ ಫ್ಯಾಂಟಸಿಯನ್ನು ನಮ್ಮವರೇ ಯಾರಾದರೂ ಬರೆಯಲಿ ಅಂತ ನನಗೆ ಬಹಳ ಆಸೆ ಇದೆ.

[ಗಡಿಯಾರದ ಕಡೆ ನೋಡಿ.]

ವಿಡಿಯೋ ಉದ್ದ ಆಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಹೆಸರು ಬಾಯಿಪಾಠ ಮಾಡಬೇಡಿ. ಗವಾನನಿಗೂ ಹೆಸರು ಒಂದು, ಖ್ವಾಜಾ ಜಹಾನ್ ಅಂತ ಬಿರುದು ಇನ್ನೊಂದು. ಯಾರಿಗೆ ಯಾರ ಭಯ ಅಂತ ಮಾತ್ರ ಬರೆದಿಟ್ಟುಕೊಳ್ಳಿ.

[ಹತ್ತಿರದಿಂದ: ಪುಸ್ತಕದೊಳಗೆ ರೈಲಿನ ಟಿಕೆಟ್, ಹಿಂದೆ ಪೆನ್ಸಿಲ್ ಬಾಣಗಳು.]

ನನ್ನದು ಇದು. ಎಂಟು ಹೆಸರು, ಹನ್ನೊಂದು ಬಾಣ. ಅರ್ಧದಲ್ಲಿ ಮೂರು ಬಾಣ ಅಳಿಸಿ ತಿರುಗಿಸಿದ್ದೇನೆ, ಕಥೆ ತಿರುಗಿದ್ದು ಅಲ್ಲೇ. ನಕ್ಷೆಯನ್ನು ಮೊದಲೇ ಓದುವ ಅಗತ್ಯ ಇಲ್ಲ, ಯಾರಾದರೂ ಪ್ರಯಾಣ ಹೊರಟಾಗ ನೋಡಿದರೆ ಸಾಕು. ದೊಡ್ಡ ಯುದ್ಧದ ಅಧ್ಯಾಯವನ್ನು ಬೇಕಾದರೆ ಮೇಲೆಮೇಲೆ ಕಣ್ಣಾಡಿಸಿ, ಊಟದ ಅಧ್ಯಾಯವನ್ನು ಮಾತ್ರ ಹಾರಿಸಬೇಡಿ. ಇಂಗ್ಲಿಷ್ ಕಷ್ಟ ಅನಿಸಿದರೆ ಇಬ್ಬರು ಕೂಡಿ ಓದಿ, ಒಬ್ಬರಿಗೆ ತಪ್ಪಿದ್ದು ಇನ್ನೊಬ್ಬರಿಗೆ ಸಿಗುತ್ತದೆ. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ ಹೊರಗೆ ಕಾಲಿಡಲು ಆಗುವುದಿಲ್ಲ, ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಯಾದಗಿರಿಯ ತಂಗೀ, ತೊಂಬತ್ತನೇ ಪುಟದಿಂದ ಮುಂದೆ ಹೋಗಬೇಡ. ಮೊದಲನೇ ಊಟಕ್ಕೆ ವಾಪಸ್ ಹೋಗು. ಸುಮ್ನೆ ಒಂದೇ ಒಂದು ನೋಡು: ಆ ಮನೆಯಲ್ಲಿ ಎಲ್ಲರಿಗೂ ಬಡಿಸುತ್ತಾ, ತಾನು ಮಾತ್ರ ಕುಡಿಯದೆ ಇದ್ದವರು ಯಾರು? ಸಿಕ್ಕ ಕೂಡಲೇ ನನಗೆ ಮೆಸೇಜ್ ಹಾಕು.